ಎಡ ಯಾವುದು, ಬಲ ಯಾವುದು?



ಕೆಲವು ವರ್ಷಗಳ ಹಿಂದೆ ಒಂದನೇ ತರಗತಿಯ ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸುತ್ತಿದ್ದೆ. ಅವರೆದುರು ನಿಂತು ಬಲಗೈ ಎತ್ತಿದೆ. ಒಬ್ಬ ಹುಡುಗ ಎಡಗೈ ಎತ್ತಿದ. "ಆ ಕೈಯಲ್ಲ ಮಗೂ" ಎಂದೆ. ಮತ್ತೆ ಅದೇ ಕೈ. ಮೂರನೆಯ ಸಲ ಗದರಿಸಿದೆ. ಹುಡುಗ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಹಿಂದಿನ ಬೆಂಚಿನಲ್ಲಿದ್ದ ಅವನ ಅಜ್ಜಿ, "ಫಾದರ್, ನೀವು ಅವನಿಗೆ ಬೆನ್ನು ಹಾಕಿ ನಿಂತು ತೋರಿಸಿ" ಎಂದರು. ಹಾಗೆ ಮಾಡಿದೆ. ಹುಡುಗ ತಪ್ಪಿಲ್ಲದೆ ಮಾಡಿದ. ಅಲ್ಲಿಯವರೆಗೆ ಅವನು ಕನ್ನಡಿ ನೋಡಿದಂತೆ ನನ್ನನ್ನು ಅನುಸರಿಸಿದ್ದ. ತಪ್ಪು ನನ್ನದಾಗಿತ್ತು.

'ಎಡ ಬಲ ಗೊತ್ತಿಲ್ಲದವನು' ಎಂದು ನಾವು ದಡ್ಡನನ್ನು ಹಂಗಿಸುತ್ತೇವೆ. ಆದರೆ ಇದು ಹುಟ್ಟಿನಿಂದ ಬರುವ ಜ್ಞಾನವಲ್ಲ. ಮೇಲೆ ಕೆಳಗೆ, ಹಿಂದೆ ಮುಂದೆ ಎಂಬುದನ್ನು ಮಗು ಬೇಗ ತಿಳಿಯುತ್ತದೆ, ಎಡಬಲ ನಿಧಾನ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1924ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ಮೆಟ್ಟಿಲುಗಳನ್ನು ವಿವರಿಸಿದ್ದಾರೆ. ಸುಮಾರು 5ರಿಂದ 8 ವರ್ಷದೊಳಗೆ ಮಗು ತನ್ನ ಎಡಬಲವನ್ನು ಗುರುತಿಸುತ್ತದೆ. ಎದುರಿಗೆ ನಿಂತವರ ಎಡಬಲ ತಿಳಿಯಲು 8ರಿಂದ 11 ವರ್ಷ ಆಗಬೇಕು. ಬುದ್ಧಿವಂತರಾದ ದೊಡ್ಡವರಲ್ಲೂ ಕೆಲವರು ಅವಸರದಲ್ಲಿ ತಡವರಿಸುತ್ತಾರೆ.

ನಮ್ಮ ಕಾಸರಗೋಡಿನ ಮಕ್ಕಳಿಗಂತೂ ಹೊರೆ ಹೆಚ್ಚು. ಮನೆಯಲ್ಲಿ ಕೊಂಕಣಿಯ ದಾವೊ-ಉಜ್ವೊ, ನೆರೆಮನೆಯಲ್ಲಿ ತುಳು, ಶಾಲೆಯಲ್ಲಿ ಎಡ-ಬಲ, ಬಸ್ಸಿನಲ್ಲಿ ಮಲಯಾಳ, ಕವಾಯತಿನಲ್ಲಿ ಲೆಫ್ಟ್-ರೈಟ್! ಮೊದಲು ಮನೆಮಾತಿನಲ್ಲೇ ಗಟ್ಟಿಯಾಗಲಿ. ಉಳಿದವು ತಾವಾಗಿ ಬರುತ್ತವೆ.

ಕಲಿಸುವುದು ಹೇಗೆ? 'ಊಟ ಮಾಡುವ ಕೈ ಬಲಗೈ' ಎನ್ನುವುದು ರೂಢಿ. ಆದರೆ ಹತ್ತು ಜನರಲ್ಲಿ ಸುಮಾರು ಒಬ್ಬರು ಎಡಗೈಯವರು. ಅಂಥ ಮಗುವಿಗೆ ಈ ಮಾತು ಗೊಂದಲವನ್ನೇ ತರುತ್ತದೆ. ಎಡಗೈ ಬಳಕೆ ರೋಗವಲ್ಲ, ಕೆಟ್ಟ ಚಾಳಿಯೂ ಅಲ್ಲ. ಹೊಡೆದು ಕೈ ಬದಲಿಸಬೇಡಿ. ಬದಲಾಗಿ ಮಗುವಿನ ಮೈಯಲ್ಲೇ ಇರುವ ಗುರುತು ತೋರಿಸಿ. ಕ್ಷಯರೋಗ ತಡೆಯಲು ಹುಟ್ಟಿದಾಗ ಕೊಡುವ ಬಿಸಿಜಿ ಲಸಿಕೆಯನ್ನು ನಮ್ಮ ದೇಶದಲ್ಲಿ ಎಡತೋಳಿನ ಮೇಲ್ಭಾಗಕ್ಕೆ ಚುಚ್ಚುತ್ತಾರೆ. ಹೆಚ್ಚಿನ ಮಕ್ಕಳಲ್ಲಿ ಅದರ ಸಣ್ಣ ಕಲೆ ಉಳಿಯುತ್ತದೆ. 'ಸೂಜಿಕಲೆಯ ಕೈ ಎಡಗೈ' ಎಂದು ಹೇಳಿಕೊಡಿ. ಕಲೆ ಇಲ್ಲದಿದ್ದರೆ ಮಣಿಕಟ್ಟಿಗೆ ಸಡಿಲವಾಗಿ ಒಂದು ನೂಲು ಕಟ್ಟಿದರೂ ಸಾಕು. ತೋಟಕ್ಕೆ ಹೋಗುವಾಗ 'ತೋಡು ಯಾವ ಕಡೆ, ಬೇಲಿ ಯಾವ ಕಡೆ' ಎಂದು ಕೇಳಿ. ಹಿಂದಿರುಗುವಾಗ ಅದೇ ಪ್ರಶ್ನೆ ಕೇಳಿ. ತೋಡು ಅಲ್ಲೇ ಇದೆ, ಕಡೆ ಮಾತ್ರ ಬದಲಾಗಿದೆ ಎಂಬುದು ಮಗುವಿಗೆ ತಾನಾಗಿ ಹೊಳೆಯುತ್ತದೆ.

ಎದುರಿನವರ ಎಡಬಲ ತಿಳಿಯುವ ಈ ಎರಡನೆಯ ಮೆಟ್ಟಿಲು ಹಟ್ಟಿಯಲ್ಲೂ ಬೇಕು. ದನದ ದೊಡ್ಡ ಹೊಟ್ಟೆ ಇರುವುದು ಅದರ ಎಡಗಡೆ. ಎಳೆಯ ಹಸಿಮೇವನ್ನೋ ಸಮಾರಂಭದಲ್ಲಿ ಉಳಿದ ಅನ್ನವನ್ನೋ ವಿಪರೀತ ತಿಂದು ಹೊಟ್ಟೆಯುಬ್ಬರವಾದರೆ, ಪಕ್ಕೆಲುಬಿಗೂ ಹಿಂಗಾಲಿಗೂ ನಡುವಿನ ಎಡ ಹಳ್ಳ ಮೊದಲು ಉಬ್ಬುತ್ತದೆ. ತುಂಬುಗಬ್ಬದ ದನದಲ್ಲಿ ಕರು ಸಾಮಾನ್ಯವಾಗಿ ಬಲಗಡೆ ಕೈಗೆ ಸಿಗುತ್ತದೆ. ದನದ ಮುಖದೆದುರು ನಿಂತವರಿಗೆ ಅದರ ಎಡಪಕ್ಕ ತಮ್ಮ ಬಲಕ್ಕೆ ಕಾಣುತ್ತದೆ. ಆದ್ದರಿಂದ ಒದೆ ತಾಗದಷ್ಟು ದೂರದಲ್ಲಿ ದನದ ಹಿಂದೆ ನಿಂತು ನೋಡಿ. ಆಗ ಅದರ ಎಡವೇ ನಿಮ್ಮ ಎಡ. ಎಡಗಡೆ ಉಬ್ಬಿ ದನ ಏದುಸಿರು ಬಿಡುತ್ತಿದ್ದರೆ ತಡಮಾಡದೆ ಪಶುವೈದ್ಯರಿಗೆ ಫೋನ್ ಮಾಡಿ, ಯಾವ ಪಕ್ಕ ಎಂದು ಸರಿಯಾಗಿ ತಿಳಿಸಿ. ಹೊಟ್ಟೆಯುಬ್ಬರ ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು.

ಆಸ್ಪತ್ರೆಯಲ್ಲೂ ಹೀಗೆಯೇ. ವೈದ್ಯರು 'ಬಲ' ಎಂದರೆ ರೋಗಿಯ ಬಲ, ತಮ್ಮ ಬಲವಲ್ಲ. ಎಕ್ಸ್‌ರೇಯಲ್ಲಿ ಕಡೆಯನ್ನು ತಿಳಿಸುವ ಅಕ್ಷರ ಹಾಕುವುದು ಇದಕ್ಕಾಗಿಯೇ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯಲ್ಲಿ, ಕತ್ತರಿಸುವ ಜಾಗಕ್ಕೆ ಮೊದಲೇ ಗುರುತು ಹಾಕಲಾಗಿದೆಯೇ ಎಂಬ ಪ್ರಶ್ನೆಯಿದೆ. ಓದಿದ ವೈದ್ಯರೇ ಇಷ್ಟು ಎಚ್ಚರ ವಹಿಸುವಾಗ ನಾವು ಸುಮ್ಮನಿರಬಾರದು. ಕಣ್ಣಿನ ಪೊರೆ ತೆಗೆಸಲು ಹೋದಾಗ 'ಯಾವ ಕಣ್ಣು?' ಎಂದು ಕೇಳಿದರೆ ಬಾಯಲ್ಲೂ ಹೇಳಿ, ಕೈಯಿಂದಲೂ ಮುಟ್ಟಿ ತೋರಿಸಿ. ಇದರಲ್ಲಿ ನಾಚಿಕೆಯೇನಿಲ್ಲ.

ಪ್ರವಾದಿ ಯೋನನ ಗ್ರಂಥದ ಕೊನೆಯಲ್ಲಿ ದೇವರು ನಿನೆವೆ ಪಟ್ಟಣಕ್ಕಾಗಿ ಮರುಗುತ್ತಾರೆ. ಅಲ್ಲಿ ಎಡಗೈ ಬಲಗೈ ತಿಳಿಯದ 1,20,000ಕ್ಕೂ ಹೆಚ್ಚು ಜನರಿದ್ದರು, ಜೊತೆಗೆ ಬಹಳಷ್ಟು ದನಕರುಗಳೂ ಇದ್ದವು. ತಿಳಿಯದವರ ಮೇಲೆ ದೇವರೇ ಕನಿಕರಪಟ್ಟಾಗ, ಏಳು ವರ್ಷದ ಹುಡುಗನ ಮೇಲೆ ನಾನು ರೇಗಬಾರದಿತ್ತು. ಈಗ ಮಕ್ಕಳಿಗೆ ಕಲಿಸುವಾಗ ಮೊದಲು ಅವರಿಗೆ ಬೆನ್ನು ಹಾಕಿ ನಿಲ್ಲುತ್ತೇನೆ. ನೀವೂ ಮನೆಯಲ್ಲಿ ಹೀಗೆ ಮಾಡಿ ನೋಡಿ.