ಏರ್ ಫ್ರೈಯರ್ ನಮ್ಮ ಅಡುಗೆಮನೆಗೆ ಬೇಕೇ?

ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದಾಗ ನಮ್ಮ ವಾರ್ಡಿನ ಹಿರಿಯ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿದರು. “ಮಾಸ್ಟ್ರೇ, ಮಗ ದುಬಾಯಿಯಿಂದ ಬಂದವನು ಒಂದು ಏರ್ ಫ್ರೈಯರ್ ಇಟ್ಟು ಹೋಗಿದ್ದಾನೆ. ಅದಕ್ಕೆ ಎಣ್ಣೆಯೇ ಬೇಡವಂತೆ. ಅಪ್ಪನ ಹೃದಯಕ್ಕೆ ಒಳ್ಳೆಯದು, ಇನ್ನು ಬಾಣಲೆ ಇಡಬೇಡ ಎಂದು ಹೇಳಿ ಹೋಗಿದ್ದಾನೆ. ನಾನು ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ. ಅದರಿಂದ ಉಪಯೋಗ ಉಂಟಾ?” ಎಂದು ಕೇಳಿದರು. ಅವರ ಯಜಮಾನರಿಗೆ ಎರಡು ವರ್ಷಗಳ ಹಿಂದೆ ಸ್ಟೆಂಟ್ ಹಾಕಿಸಿದೆ. ಮನೆಯಲ್ಲಿ ಈಗ ಇಬ್ಬರೇ. ಆದುದರಿಂದ ಮಗನ ಮಾತನ್ನು ಅವರು ಸುಮ್ಮನೆ ತಳ್ಳಿಹಾಕುವಂತೆಯೂ ಇರಲಿಲ್ಲ, ನಂಬುವ ಧೈರ್ಯವೂ ಇರಲಿಲ್ಲ. ಅಲ್ಲಿಯೇ ನಿಂತಿದ್ದ ಇನ್ನೊಬ್ಬರು, “ನಮ್ಮದು ಎಂಟು ಜನರ ಮನೆ, ನಾವೂ ಒಂದು ತೆಗೆದುಕೊಳ್ಳುವ ಎಂದಿದ್ದೇವೆ” ಎಂದರು. 2025ರ ಮಳೆಗಾಲದಲ್ಲಿ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದ ಮೇಲೆ ಈ ಮಾತು ನಮ್ಮ ಕಾಸರಗೋಡಿನ ಕಡೆ ಅನೇಕ ಮನೆಗಳಲ್ಲಿ ನಡೆದಿದೆ. ಎರಡು ಮನೆಗಳಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಅದೇಕೆಂದು ಈ ಸಲ ನೋಡೋಣ.

ಹೆಸರಿನಲ್ಲಿ ಫ್ರೈ ಎಂದಿದ್ದರೂ ಇದು ಕರಿಯುವ ಯಂತ್ರವಲ್ಲ. ಬ್ರೆಡ್ಡು ಬೇಯಿಸುವ ಬೇಕರಿ ಒಲೆಯ ಸಣ್ಣ ತಮ್ಮ ಎನ್ನಬಹುದು. ಮೇಲ್ಭಾಗದಲ್ಲಿ ಕೆಂಪಗೆ ಕಾಯುವ ಕಾಯಿಲ್, ಅದರ ಬಿಸಿಯನ್ನು ಕೆಳಕ್ಕೆ ದೂಡುವ ಫ್ಯಾನ್, ಕೆಳಗೆ ತೂತುಗಳಿರುವ ಬುಟ್ಟಿ, ಇಷ್ಟೇ ಇದರ ಒಳಗಿರುವುದು. ಸುಮಾರು 80ರಿಂದ 200 ಡಿಗ್ರಿವರೆಗೆ ಬಿಸಿಯಾದ ಗಾಳಿ ಬುಟ್ಟಿಯ ಸುತ್ತ ರಭಸದಿಂದ ಸುತ್ತುತ್ತದೆ. ಈ ಹೆಸರಿನ ಯಂತ್ರವನ್ನು ನೆದರ್‌ಲ್ಯಾಂಡ್ಸಿನ ಫಿಲಿಪ್ಸ್ ಕಂಪೆನಿ 2010ರಲ್ಲಿ ಮಾರುಕಟ್ಟೆಗೆ ತಂದಿತು. ಅಲ್ಲಿಯವರು ಮುಖ್ಯವಾಗಿ ಮಾಡುವುದು ಆಲೂಗಡ್ಡೆಯ ಫ್ರೈ. ಅಂಗಡಿಯಲ್ಲಿ ಪ್ಯಾಕೆಟಿನಲ್ಲಿ ಸಿಗುವ ಹೆಪ್ಪುಗಟ್ಟಿಸಿದ ಆಲೂಗಡ್ಡೆಯನ್ನು ಕಾರ್ಖಾನೆಯಲ್ಲಿಯೇ ಒಮ್ಮೆ ಎಣ್ಣೆಯಲ್ಲಿ ಕರಿದಿರುತ್ತಾರೆ. ಎಣ್ಣೆ ಹಾಕದೆಯೇ ಅದು ಗರಿಗರಿಯಾಗುವ ಗುಟ್ಟು ಇದು. ಜಾಹೀರಾತಿನಲ್ಲಿ ತೋರಿಸುವುದೂ ಹೆಚ್ಚಾಗಿ ಅದನ್ನೇ.

ಬಾಣಲೆಯಲ್ಲಿ ಆಗುವುದೇ ಬೇರೆ. 170–180 ಡಿಗ್ರಿ ಕಾದ ಎಣ್ಣೆಗೆ ಹಲಸಿನ ಸೊಳೆಯನ್ನು ಹಾಕಿದಾಗ ಅದರೊಳಗಿನ ನೀರು ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಆವಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗುವುದು ಕಡಿಮೆ. ಸೋಂಟೆಯನ್ನು ಮೇಲೆ ತೆಗೆದು ಅದು ತಣಿಯತೊಡಗಿದಾಗ ಮೈಗೆ ಅಂಟಿದ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆದುದರಿಂದ ತೆಗೆದ ಕೂಡಲೇ, ಬಿಸಿ ಇರುವಾಗಲೇ, ಜಾಲರಿ ಸೌಟಿನಲ್ಲಿ ಚೆನ್ನಾಗಿ ಕೊಡವಿ ಎಣ್ಣೆ ಇಳಿಸಿದರೆ ಒಳಗೆ ಸೇರುವ ಎಣ್ಣೆ ಕಡಿಮೆಯಾಗುತ್ತದೆ. ಇದಕ್ಕೆ ಯಾವ ಯಂತ್ರವೂ ಬೇಡ. ಅಷ್ಟು ಮಾಡಿದರೂ ಸೋಂಟೆ, ಚಿಪ್ಸುಗಳ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಹೃದಯದ ತೊಂದರೆ ಇರುವವರು ಸಂಜೆ ಚಹಾದೊಂದಿಗೆ ಒಂದು ಹಿಡಿ ತಿಂದರೆ ಆ ದಿನದ ಎಣ್ಣೆಯ ಲೆಕ್ಕ ಬಹುಪಾಲು ಅಲ್ಲಿಯೇ ಮುಗಿಯಿತು.

ಈಗ ನಮ್ಮ ಅಡುಗೆಗೆ ಬರೋಣ. ಈ ಯಂತ್ರದಲ್ಲಿ ಬಹಳ ಚೆನ್ನಾಗಿ ಆಗುವುದು ಮೀನು, ಅದರಲ್ಲಿಯೂ ಬಂಗುಡೆ ಮತ್ತು ಬೂತಾಯಿ. ಇವುಗಳ ಮೈಯಲ್ಲಿಯೇ ಕೊಬ್ಬು ಇರುವುದರಿಂದ ಬಿಸಿಗೆ ಅದು ಕರಗಿ ಹೊರಗೆ ಬಂದು ಮಸಾಲೆಯನ್ನು ಒಣಗಲು ಬಿಡುವುದಿಲ್ಲ. ಮೆಣಸಿನ ಹುಡಿ, ಅರಸಿನ ಹುಡಿ, ಉಪ್ಪು, ಹುಳಿ ಸೇರಿಸಿ ಅರೆದ ಮಸಾಲೆಯನ್ನು ಹಚ್ಚಿ ಅರ್ಧ ಗಂಟೆ ಇಟ್ಟು, 180 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇಯಿಸಿ, ನಡುವೆ ಒಮ್ಮೆ ಮಗುಚಿದರೆ ಸಾಕು. ಅಂಜಲ್ ಅಥವಾ ಮುರು ಮೀನಿಗೆ ಕೊಬ್ಬು ಕಡಿಮೆ, ಒಂದು ಚಮಚ ಎಣ್ಣೆ ಸವರದಿದ್ದರೆ ನಾರಿನಂತಾಗುತ್ತದೆ. ಜೀಗುಜ್ಜೆ, ಸುವರ್ಣಗೆಡ್ಡೆ, ಬೆಂಡೆ, ಹಾಗಲಕಾಯಿಗಳನ್ನು ತೆಳ್ಳಗೆ ಕೊಯ್ದು, ಮಸಾಲೆ, ಸ್ವಲ್ಪ ಅಕ್ಕಿಹುಡಿ ಮತ್ತು ಒಂದೆರಡು ಚಮಚ ಎಣ್ಣೆ ಬೆರೆಸಿ ಇಟ್ಟರೆ ಅವೂ ಚೆನ್ನಾಗಿಯೇ ಬರುತ್ತವೆ. ಹಲಸಿನ ಬೀಜವನ್ನು ಹುರಿಯಬಹುದು, ಆದರೆ ಒಂದೊಂದಕ್ಕೂ ಚೂರಿಯಿಂದ ಸಣ್ಣ ಗೀರು ಹಾಕಬೇಕು, ಇಲ್ಲವಾದರೆ ಒಳಗೆ ಸಿಡಿಯುತ್ತದೆ.

ಆಗದಿರುವುದರ ಪಟ್ಟಿಯೂ ಸಣ್ಣದೇನಲ್ಲ. ಗೋಳಿಬಜೆ ಆಗುವುದಿಲ್ಲ, ಪೋಡಿ ಆಗುವುದಿಲ್ಲ. ತೆಳು ಹಿಟ್ಟು ಬುಟ್ಟಿಯ ತೂತುಗಳಿಂದ ಕೆಳಗೆ ಸುರಿದು ಹೋಗುತ್ತದೆ. ಹಲಸಿನ ಸೋಂಟೆ ಮಾಡಿ ನೋಡಿದೆವು. ಅಂಚು ಕರಟಿ, ನಡುಭಾಗ ಚರ್ಮದಂತೆ ಎಳೆಯುವ ಹಾಗೆ ಆಯಿತು, ನಮ್ಮ ಮನೆಯ ನಾಯಿ ಕೂಡ ಮೂಸಿ ಬಿಟ್ಟಿತು. ಹಪ್ಪಳ ಹಗುರವಾದುದರಿಂದ ಫ್ಯಾನಿನ ಗಾಳಿಗೆ ಎದ್ದು ಕಾದ ಕಾಯಿಲಿಗೆ ತಾಗುವ ಅಪಾಯವಿದೆ. ಎಣ್ಣೆಯಿಲ್ಲದ ಹಪ್ಪಳ ಬೇಕಾದರೆ ನಮ್ಮ ಅಜ್ಜಿಯರು ಕೆಂಡದ ಮೇಲೆ ಸುಟ್ಟು ಕೊಡುತ್ತಿದ್ದರಲ್ಲ, ಅದನ್ನೇ ಮಾಡಬಹುದು. ಕುಸ್ವಾರಿನಲ್ಲಿ ನೆವ್ರಿಯನ್ನು ಬೇಯಿಸಬಹುದು, ಆದರೆ ಅದು ಬಿಸ್ಕತ್ತಿನ ಜಾತಿಗೆ ಸೇರುತ್ತದೆ. ಕಿಡಿಯೊ, ಚಕ್ಕುಲಿಗಳ ಆಸೆ ಇಟ್ಟುಕೊಳ್ಳಬೇಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಈ ಯಂತ್ರ ಕಡಿಮೆ ಮಾಡುವುದು ಬಾಣಲೆಯ ಎಣ್ಣೆಯನ್ನು ಮಾತ್ರ. ನಮ್ಮ ರೈತ ಕುಟುಂಬಗಳಲ್ಲಿ ಬಾಣಲೆ ಒಲೆಗೇರುವುದು ಎಷ್ಟು ಸಲ? ಬೆಳಗ್ಗೆ ದೋಸೆ ಅಥವಾ ಕಡುಬು, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ, ರಾತ್ರಿ ಗಂಜಿ. ಇದರಲ್ಲಿ ಕರಿದದ್ದು ಏನೂ ಇಲ್ಲ. ಮೀನು ಕಾಯಿಸುವುದು ಕೂಡ ಕಾವಲಿಯಲ್ಲಿ, ಎರಡು ಮೂರು ಚಮಚ ಎಣ್ಣೆಯಲ್ಲಿ. ಆದರೆ ಸಾರಿಗೆ ಅರೆಯುವ ತೆಂಗಿನಕಾಯಿಯ ಲೆಕ್ಕ ಯಾರೂ ಹಿಡಿಯುವುದಿಲ್ಲ. ನೂರು ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 33 ಗ್ರಾಂ ಕೊಬ್ಬು ಇದೆ. ಒಂದು ಕಾಯಿಯಿಂದ 300 ಗ್ರಾಂ ತುರಿ ಸಿಕ್ಕಿತು ಎಂದಿಟ್ಟುಕೊಂಡರೆ ಅದರಲ್ಲಿಯೇ 100 ಗ್ರಾಂ ಕೊಬ್ಬು ಆಯಿತು, ಹೆಚ್ಚಿನದು ಪರ್ಯಾಪ್ತ ಕೊಬ್ಬು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೆಚ್ಚು ಮೈದುಡಿಮೆ ಇಲ್ಲದ ವಯಸ್ಕರಿಗೆ ದಿನಕ್ಕೆ ಹೇಳುತ್ತ ಬಂದಿರುವ ಎಣ್ಣೆ ಕೇವಲ 20ರಿಂದ 25 ಗ್ರಾಂ. ಆ ಹಿರಿಯ ತಾಯಿಯ ಮನೆಯಲ್ಲಿ ಇಬ್ಬರ ಸಾರಿಗೆ ದಿನವೂ ಅರ್ಧ ಕಾಯಿ ಅರೆಯುತ್ತಾರೆ. ಮೀನನ್ನು ಎಣ್ಣೆಯಿಲ್ಲದೆ ಬೇಯಿಸಿ ಅದರ ಪಕ್ಕದಲ್ಲಿ ಹೀಗೆ ದಪ್ಪ ಕಾಯಿರಸದ ಸಾರು ಇಟ್ಟರೆ ಮಗ ಖರ್ಚು ಮಾಡಿದ್ದರ ಬಹುಪಾಲು ವ್ಯರ್ಥ. ವಾರದಲ್ಲಿ ಕೆಲವು ದಿನ ಕಾಯಿ ಹಾಕದ ಹುಳಿಮೆಣಸಿನ ಸಾರು ಮಾಡಲು ಹೇಳಿದೆ. ತೆಂಗು ಬೆಳೆದವರಿಗೆ ಈ ಮಾತು ರುಚಿಸುವುದಿಲ್ಲ ಎಂದು ಗೊತ್ತಿದೆ. ತೋಟದಲ್ಲಿ ಗುದ್ದಲಿ ಹಿಡಿಯುವವನಿಗೆ ನಾನಿದನ್ನು ಹೇಳುತ್ತಿಲ್ಲ. ಸ್ಟೆಂಟ್ ಹಾಕಿಸಿ ಜಗಲಿಯಲ್ಲಿ ಕೂತವರಿಗೆ ಹೇಳುತ್ತಿದ್ದೇನೆ.

ದುಡ್ಡಿನ ಲೆಕ್ಕವನ್ನೂ ಹಾಕಿಬಿಡೋಣ. ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು ಹತ್ತು ಹನ್ನೆರಡು ಕಾಯಿ ಬೇಕು. ನಮ್ಮದೇ ಕಾಯಿಯನ್ನು ಮಿಲ್ಲಿಗೆ ಕೊಟ್ಟು ತಂದ ಎಣ್ಣೆಯಾದರೂ ಅದು ಪುಕ್ಕಟೆಯಲ್ಲ, ಆ ಕಾಯಿಯನ್ನು ಮಾರಬಹುದಿತ್ತು. ವಾರಕ್ಕೊಮ್ಮೆ ಬಾಣಲೆ ಇಡುವ ಮನೆಯಲ್ಲಿ ಒಂದು ಸಲಕ್ಕೆ 100 ಗ್ರಾಂ ಎಣ್ಣೆ ತಿಂಡಿಯೊಳಗೆ ಹೋಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ ಐದು ಕಿಲೋ, 400ರ ಬೆಲೆಯಲ್ಲಿ 2,000 ರೂಪಾಯಿ. ಆದರೆ ಕರಿಯುವ ತಿಂಡಿಗಳಲ್ಲಿ ಅರ್ಧದಷ್ಟು ಈ ಯಂತ್ರದಲ್ಲಿ ಆಗುವುದೇ ಇಲ್ಲವಾದ್ದರಿಂದ ಉಳಿಯುವುದು ಸಾವಿರ ರೂಪಾಯಿ, ಅದರಲ್ಲಿ ಕರೆಂಟಿನ ದುಡ್ಡು ಕಳೆಯಬೇಕು. ಆರು ಸಾವಿರ ಕೊಟ್ಟು ತಂದದ್ದು ಅಸಲು ಹುಟ್ಟಿಸಲು ಆರು ವರ್ಷಕ್ಕಿಂತ ಹೆಚ್ಚು ಬೇಕು. ಗ್ಯಾರಂಟಿ ಸಾಮಾನ್ಯವಾಗಿ ಒಂದು ಅಥವಾ ಎರಡು ವರ್ಷ. ಎಣ್ಣೆ ಉಳಿಸುವುದಕ್ಕಾಗಿ ಮಾತ್ರ ಇದನ್ನು ಕೊಳ್ಳುವುದು ಲಾಭದ ವ್ಯಾಪಾರವಲ್ಲ.

ಎಂಟು ಜನರ ಮನೆಗೆ ಇನ್ನೊಂದು ತೊಡಕು. ನಾಲ್ಕು ಲೀಟರಿನ ಬುಟ್ಟಿ ಎಂದು ಬರೆದಿದ್ದರೂ ಮೀನನ್ನು ಒಂದರ ಮೇಲೊಂದು ಪೇರಿಸುವಂತಿಲ್ಲ, ಗಾಳಿ ಆಡಬೇಕು. ಒಂದು ಸಲಕ್ಕೆ ಮೂರು ಅಥವಾ ನಾಲ್ಕು ಮಧ್ಯಮ ಬಂಗುಡೆ. ಎಂಟು ಜನರಿಗೆ ಮೂರು ಸರ್ತಿ ಇಡಬೇಕು, ಮುಕ್ಕಾಲು ಗಂಟೆ. ಕೊನೆಯದು ಆಗುವಾಗ ಮೊದಲಿನದು ತಣಿದಿರುತ್ತದೆ, ತಣಿದ ಮೇಲೆ ಗರಿಗರಿಯೂ ಇರುವುದಿಲ್ಲ. ದೊಡ್ಡ ಕಾವಲಿಯಲ್ಲಿ ಅದೇ ಕೆಲಸ ಇಪ್ಪತ್ತು ನಿಮಿಷದ್ದು. ಆ ಮನೆಯವರಿಗೆ ನಾನು ಬೇಡ ಎಂದೇ ಹೇಳಿದೆ. ಅವರ ಅಡುಗೆಮನೆಯ ಮಾಡು ಹೊಗೆಯಿಂದ ಕಪ್ಪಾಗಿದೆ, ಸೊಸೆಯಂದಿರು ಮಡಲು ಗೆರಟೆಗಳ ಬೆಂಕಿಯ ಮುಂದೆ ಕೆಮ್ಮುತ್ತಾರೆ. ಆರು ಸಾವಿರ ಕೈಯಲ್ಲಿದ್ದರೆ ಒಲೆಗೆ ಹೊಗೆ ಕೊಳವೆ ಹಾಕಿಸಲಿ. ಕರಿದ ತಿಂಡಿಗಿಂತ ಆ ಹೊಗೆ ಅವರಿಗೆ ಹೆಚ್ಚು ಕೇಡು ಮಾಡುತ್ತಿದೆ.

ಕರೆಂಟಿನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಈ ಯಂತ್ರಗಳು ಹೆಚ್ಚಾಗಿ 1,400ರಿಂದ 1,500 ವ್ಯಾಟಿನವು. ಇಪ್ಪತ್ತು ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯೂನಿಟ್, ಅದು ಹೆದರುವಷ್ಟಿಲ್ಲ. ಹೆದರಬೇಕಾದದ್ದು ಹಳೆಯ ವೈರಿಂಗಿಗೆ. ಲೈಟು, ರೇಡಿಯೋಗಳಿಗಾಗಿ ಹಾಕಿಸಿದ 6 ಆಂಪಿಯರಿನ ಸಾಕೆಟ್ಟು 230 ವೋಲ್ಟಿನಲ್ಲಿ ತಾಳುವುದು 1,380 ವ್ಯಾಟ್. ಗಲ್ಫಿನಿಂದ ಬಂದ ಯಂತ್ರಕ್ಕೆ ಚೌಕ ಕಾಲುಗಳ ಪ್ಲಗ್ಗು ಇರುತ್ತದೆ, ನಾವು ಪೇಟೆಯಿಂದ ಸಣ್ಣದೊಂದು ಅಡಾಪ್ಟರ್ ತಂದು ಸಿಕ್ಕಿಸುತ್ತೇವೆ. ನಮ್ಮ ಮನೆಯಲ್ಲಿಯೇ ಆದದ್ದು ಹೇಳುತ್ತೇನೆ: ಮೂರನೆಯ ದಿನ ಸುಟ್ಟ ವಾಸನೆ ಬಂದು ನೋಡಿದರೆ ಅಡಾಪ್ಟರಿನ ಪ್ಲಾಸ್ಟಿಕ್ ಮೇಣದಂತೆ ಮೆತ್ತಗಾಗಿತ್ತು. ಎಲೆಕ್ಟ್ರಿಷಿಯನರನ್ನು ಕರೆಸಿ 16 ಆಂಪಿಯರಿನ ಪ್ಲಗ್ಗು, ಸಾಕೆಟ್ಟು ಮತ್ತು ಸರಿಯಾದ ಅರ್ತಿಂಗ್ ಹಾಕಿಸದೆ ಇದನ್ನು ಉಪಯೋಗಿಸಬೇಡಿ. ಇನ್ನು ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಓಡುವಾಗ ಲೈನಿನ ಕೊನೆಯ ಮನೆಗೆ 180 ವೋಲ್ಟ್ ಬಂದರೆ ಪುಣ್ಯ. ಆಗ 1,500 ವ್ಯಾಟಿನ ಯಂತ್ರ ಕೊಡುವ ಬಿಸಿ ಸುಮಾರು 900 ವ್ಯಾಟಿನಷ್ಟೇ. ಹದಿನೈದು ನಿಮಿಷ ಎಂದು ಪುಸ್ತಕದಲ್ಲಿದ್ದದ್ದು ಇಪ್ಪತ್ತೈದಾಗುತ್ತದೆ, ಮೀನು ಒಣಗುತ್ತದೆ. ಮನೆಯ ಸಾಧಾರಣ ಇನ್ವರ್ಟರ್ ಇದನ್ನು ಎಳೆಯಲಾರದು. ಯಂತ್ರದ ಹಿಂದೆ ಬಿಸಿಗಾಳಿ ಹೊರಬರುವ ಕಂಡಿಯನ್ನು ಗೋಡೆಗೆ ಒತ್ತಿ ಇಡಬಾರದು. ಬುಟ್ಟಿಗೆ ಅಂಟದಂತೆ ಲೇಪ ಕೊಟ್ಟಿರುವುದರಿಂದ ತೆಂಗಿನ ನಾರು, ಬೂದಿ ಹಾಕಿ ಉಜ್ಜಬೇಡಿ.

ಎಣ್ಣೆ ಇಲ್ಲವೆಂದ ಮಾತ್ರಕ್ಕೆ ಎಲ್ಲ ದೋಷವೂ ಹೋಯಿತೆಂದು ತಿಳಿಯಬಾರದು. ಆಲೂಗಡ್ಡೆಯಂತಹ ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗಿಂತ ಮೇಲೆ ಒಣ ಬಿಸಿಯಲ್ಲಿ ಕಂದು ಬಣ್ಣ ಬರುವಂತೆ ಬೇಯಿಸಿದರೆ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆ. ಆಹಾರದಲ್ಲಿ ಇದು ಇದೆಯೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದರು. ಕ್ಯಾನ್ಸರಿಗೆ ಕಾರಣವಾಗಬಹುದಾದ ವಸ್ತುಗಳ ಸಾಲಿನಲ್ಲಿ ಇದರ ಹೆಸರಿದೆ. ಬಾಣಲೆಯಾಗಲಿ ಈ ಯಂತ್ರವಾಗಲಿ, ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಕೊಯ್ದ ಹೋಳುಗಳನ್ನು ಅರ್ಧ ಗಂಟೆ ನೀರಿನಲ್ಲಿಟ್ಟು ಒರಸಿ, ಹೊಂಬಣ್ಣ ಬಂದೊಡನೆ ತೆಗೆದರೆ ಕಡಿಮೆಯಾಗುತ್ತದೆ.

ಹಾಗೆಯೇ ಬಾಣಲೆಯನ್ನು ಇಟ್ಟುಕೊಳ್ಳುವವರು ಕರಿದ ಎಣ್ಣೆಯನ್ನು ಡಬ್ಬದಲ್ಲಿಟ್ಟು ಮತ್ತೆ ಮತ್ತೆ ಕಾಯಿಸುವ ಪದ್ಧತಿಯನ್ನು ಬಿಡಬೇಕು. ಹೋಟೆಲು, ಬೇಕರಿಗಳಿಗೆ 2018ರ ಜುಲೈ 1ರಿಂದ ಕಾನೂನೇ ಇದೆ: ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ನೂರಕ್ಕೆ 25ನ್ನು ಮೀರಿದರೆ ಅದನ್ನು ಬಳಸಬಾರದು. ಮನೆಯಲ್ಲಿ ಅಳೆಯುವ ಉಪಕರಣ ಇಲ್ಲದ ಕಾರಣ ಒಮ್ಮೆ ಕರಿದದ್ದನ್ನು ಸೋಸಿ, ಒಂದೆರಡು ದಿನಗಳೊಳಗೆ ಒಗ್ಗರಣೆಗೆ ಮುಗಿಸುವುದು ಕ್ಷೇಮ. ಹೊಸ ಎಣ್ಣೆಗೆ ಹಳೆಯದನ್ನು ಬೆರೆಸಬೇಡಿ.

ಹಿರಿಯ ತಾಯಿ ಕೊನೆಗೂ ಪೆಟ್ಟಿಗೆ ತೆರೆದಿದ್ದಾರೆ. ಇಬ್ಬರಿಗೆ ಎರಡು ಬಂಗುಡೆ, ಒಂದೇ ಸರ್ತಿಗೆ ಆಗುತ್ತದೆ, ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಇಂತಹ ಮನೆಗೆ, ಅದರಲ್ಲಿಯೂ ಮಕ್ಕಳು ಕೊಟ್ಟದ್ದಾದರೆ, ಇದು ಒಳ್ಳೆಯ ಸಾಮಾನು. ಯಜಮಾನರು ಮೊದಲ ದಿನ “ಸುಟ್ಟ ಮೀನಿನ ಹಾಗೆ ಉಂಟು” ಎಂದು ಗೊಣಗಿದರಂತೆ, ಈಗ ತಟ್ಟೆಯಲ್ಲಿ ಬಾಲವನ್ನೂ ಬಿಡುವುದಿಲ್ಲವಂತೆ. ಕ್ರಿಸ್ಮಸ್ಸಿಗೆ ಮಕ್ಕಳು ಮೊಮ್ಮಕ್ಕಳು ಬಂದಾಗ ಏನು ಮಾಡುವುದೆಂದು ಕೇಳಿದರು. ಕಿಡಿಯೊಗೆ ಬಾಣಲೆಯೇ ಇರಲಿ. ಆ ಹೊತ್ತಿಗೆ ಪಕ್ಕದಲ್ಲಿ ಯಂತ್ರವನ್ನು ಗೇರುಬೀಜ ಹುರಿಯಲು ಉಪಯೋಗಿಸಬಹುದು: ಸಿಪ್ಪೆ ತೆಗೆದ ತಿರುಳು, 160 ಡಿಗ್ರಿ, ಎಂಟು ನಿಮಿಷ, ನಡುವೆ ಎರಡು ಸಲ ಅಲುಗಾಡಿಸಬೇಕು. ಸಿಪ್ಪೆ ಸಹಿತ ಇಡಲೇಬಾರದು, ಅದರ ಎಣ್ಣೆ ಹೊಗೆಯಾಗಿ ಕಣ್ಣು ಮೈ ಸುಡುತ್ತದೆ.