ಭೀಮನ ಕೊಳ್ಳ ಇಳಿದು ಹತ್ತಿದ ಮೇಲೆ

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ಟ್ರ್ಯಾಕ್ಟರಿಗೂ ಯಾತ್ರಿಕರಿಗೂ ದಾರಿ ಬೇರೆಯಾಗುತ್ತದೆ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯಿಂದ ದಿನಗಟ್ಟಲೆ ಬೆನ್ನಿಗೇ ಬಂದಿದ್ದ ಗಾಡಿ ಹಾಸಿಗೆ, ಪಾತ್ರೆ, ಜೋಳದ ಹಿಟ್ಟಿನ ಚೀಲ ಹೇರಿಕೊಂಡು ದೋರ್ನಾಲದ ಘಾಟಿ ಸುತ್ತಿ ಶ್ರೀಶೈಲ ಸೇರಬೇಕು. ನಡೆಯುವವರು ನಲ್ಲಮಲ ಕಾಡು ಹೊಗಬೇಕು. ಇಲ್ಲಿಯತನಕ ಊರೂರಿಗೆ ಮಜ್ಜಿಗೆ, ಕಲ್ಲಂಗಡಿ ಹಿಡಿದು ನಿಂತವರಿದ್ದರು. ಕಾಲಿಗೆ ಬಿಸಿನೀರು ಹೊಯ್ದು, ಎಣ್ಣೆ ತಿಕ್ಕಿ, ಒಡೆದ ಬೊಬ್ಬೆಗೆ ಪಟ್ಟಿ ಕಟ್ಟುವವರಿದ್ದರು. ಕಾಡಿನಲ್ಲೂ ದಾಸೋಹದ ಟೆಂಟುಗಳಿವೆ, ಆದರೆ ಅವು ದೂರ ದೂರ. ಹೀಗಾಗಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದಿಷ್ಟು ಮಾದಲಿ ಹೆಗಲ ಗಂಟಿಗೆ ಬರುತ್ತವೆ. ನಾನ್ನೂರು ಕಿಲೋಮೀಟರಿನ ಆಸುಪಾಸಿನ ನಡಿಗೆಯಲ್ಲಿ ಉಳಿದದ್ದು ನಲವತ್ತರಷ್ಟು. ಯಾತ್ರೆ ಇನ್ನೇನು ಮುಗಿಯಿತು ಅನ್ನುವವರು ಮೊದಲ ಸಲ ಬಂದವರು. ಹಳಬರು ಸುಮ್ಮನೆ ನಗುತ್ತಾರೆ, ಭೀಮನ ಕೊಳ್ಳ ಇನ್ನೂ ಮುಂದಿದೆ.

ಈ ದಾರಿ ಎಷ್ಟು ಹಳೆಯದು? ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮನ ಕಥೆಯನ್ನೇ ನೋಡಿ. ದನ ಕಾಯುವ ಹುಡುಗನ ಮುಂದೆ ಶ್ರೀಶೈಲದ ದೇವರು ಮಲ್ಲಯ್ಯ ಜಂಗಮನಾಗಿ ಬಂದು ಉಣ್ಣಲು ಕೇಳುತ್ತಾನೆ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಮಾಯ. ಅಳುತ್ತ ಹುಡುಕುವ ಹುಡುಗ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಜೊತೆ ಸೇರಿಕೊಳ್ಳುತ್ತಾನೆ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದ ಈ ಪ್ರಸಂಗದಲ್ಲಿ ಎಲ್ಲರ ಕಣ್ಣೂ ಹುಡುಗನ ಮೇಲಿರುತ್ತದೆ. ನನ್ನ ಕಣ್ಣು ಆ ಯಾತ್ರಿಕರ ಮೇಲೆ. ಅವರು ಯಾರು, ಯಾಕೆ ಹೊರಟರು ಎಂದು ಕವಿ ದೊಡ್ಡದಾಗಿ ವಿವರಿಸಬೇಕಾಗಿಲ್ಲ. ಅಂದರೆ 13ನೇ ಶತಮಾನದ ಕನ್ನಡ ಕೇಳುಗನಿಗೆ ಸೊಲ್ಲಾಪುರದ ಸೀಮೆಯಿಂದ ಶ್ರೀಶೈಲಕ್ಕೆ ಗುಂಪು ಕಟ್ಟಿ ನಡೆಯುವುದು ಹೊಸ ಸಂಗತಿಯೇನೂ ಆಗಿರಲಿಲ್ಲ. ಅಕ್ಕಮಹಾದೇವಿ ಕಲ್ಯಾಣದಿಂದ ಇದೇ ಬೆಟ್ಟದ ಕಡೆಗೆ ನಡೆದವಳು. ಅವಳದ್ದು ಹಿಂದಿರುಗುವ ಯಾತ್ರೆಯಲ್ಲ. ಸಿದ್ಧರಾಮನಾದರೋ ಊರಿಗೆ ಮರಳಿದ, ಕೆರೆ ತೋಡಿಸಿದ, ಗುಡಿ ಕಟ್ಟಿಸಿದ. ಕನ್ನಡದ ಯಾತ್ರಿಕರು ನೆನೆಯುವುದು ಇಬ್ಬರನ್ನೂ, ನಡೆಯುವುದು ಸಿದ್ಧರಾಮನ ಹಾಗೆ.

ತೆಲುಗು ನಾಡಿನವರು ಶಿವರಾತ್ರಿಗೆ ಈ ಕಾಡು ಹಾಯುತ್ತಾರೆ. ನಮ್ಮವರು ಯುಗಾದಿಗೆ. ಇದಕ್ಕೆ ಪುರಾಣದ ಕಾರಣ ಹುಡುಕುವವರು ಹುಡುಕಲಿ, ನನಗೆ ಕಾಣುವುದು ಹೊಲದ ಕಾರಣ. ಶಿವರಾತ್ರಿಯ ಹೊತ್ತಿಗೆ ಬಿಳಿಜೋಳ ಇನ್ನೂ ಹೊಲದಲ್ಲೋ ಕಣದಲ್ಲೋ ಇರುತ್ತದೆ. ಸುಗ್ಗಿ ಮುಗಿದು, ಕಾಳು ಮನೆ ಸೇರಿ, ಹೋಳಿ ಆಡಿ ಹೊರಟರೆ ಅಮಾವಾಸ್ಯೆಗೆ ಬೆಟ್ಟ ಸಿಗುತ್ತದೆ. ಹೊಲವೂ ಬಿತ್ತಿಗೆಗೆ ಕರೆಯುವುದಿಲ್ಲ, ರೈತನ ಕೈಯೂ ಬರಿದಾಗಿರುವುದಿಲ್ಲ. ಬಿಸಿಲೊಂದೇ ಕಷ್ಟ. ಅದಕ್ಕೆ ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಎದ್ದು ಹೆಜ್ಜೆ ಹಾಕುತ್ತಾರೆ, ನಡುಹಗಲು ಮರದ ಕೆಳಗೆ ಬೀಳುತ್ತಾರೆ.

ಇನ್ನೊಂದು ಕಾರಣವೂ ಇದೆ, ಅದು ನಂಟಸ್ತಿಕೆ. ಶ್ರೀಶೈಲದ ದೇವಿ ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ ಎಂಬುದು ಉತ್ತರ ಕರ್ನಾಟಕದ ಮಾತು. ಹಬ್ಬಕ್ಕೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಗಂಟಿನಲ್ಲಿ ಸೀರೆ, ಕುಪ್ಪಸದ ಖಣ, ಬಳೆ, ಅರಿಶಿನ ಕುಂಕುಮ ಇರುತ್ತವೆ. ತಮಾಷೆಯೆಂದರೆ ನಲ್ಲಮಲದ ಚೆಂಚು ಜನರೂ ಮಲ್ಲಯ್ಯನನ್ನು ತಮ್ಮ ಅಳಿಯನೆಂದೇ ಕರೆಯುತ್ತಾರೆ, ಚೆಂಚು ಹುಡುಗಿಯನ್ನು ಕಂಡು ಮದುವೆಯಾದವನು ಎನ್ನುತ್ತಾರೆ. ಕಾಡಿನವರಿಗೂ ಎರೆಹೊಲದವರಿಗೂ ಒಬ್ಬನೇ ಅಳಿಯ. ಅಳಿಯನ ಕಡೆಯಿಂದ ತಕರಾರು ಬಂದಂತಿಲ್ಲ. ಹಿಂದೆ ಈ ಕಾಡಿನಲ್ಲಿ ದಾರಿ ತೋರಿಸಿ, ಕಳ್ಳಕಾಕರಿಂದ, ಹುಲಿ ಕರಡಿಯಿಂದ ಕಾಯ್ದು ಯಾತ್ರಿಕರನ್ನು ದಾಟಿಸುತ್ತಿದ್ದವರು ಚೆಂಚುಗಳೇ. ಅದಕ್ಕೆ ಅವರಿಗೆ ಇಷ್ಟೆಂದು ಸಲ್ಲುತ್ತಿತ್ತು.

ದೊರೆಗಳು ಕೈಹಾಕಿದ್ದು ದಾರಿಯ ಕೊನೆಯ ತುಂಡಿಗೆ. ಬಯಲಿನ ದಾರಿಗೆ ಯಾರ ಹಂಗೂ ಬೇಡ, ಬಂಡಿ ಜಾಡಿದ್ದರೆ ಸಾಕು. ಬೆಟ್ಟಕ್ಕೆ ಮೆಟ್ಟಿಲು ಬೇಕು. 14ನೇ ಶತಮಾನದಲ್ಲಿ ಅದ್ದಂಕಿಯ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೂ ಅಹೋಬಲಕ್ಕೂ ಮೆಟ್ಟಿಲು ಹಾಕಿಸಿದ. ಕೃಷ್ಣೆಗೆ ಇಳಿಯುವ ಪಾತಾಳಗಂಗೆಯ ಸೋಪಾನ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆಯದು. 1377ರಲ್ಲಿ ಅನವೇಮಾರೆಡ್ಡಿ ಕಟ್ಟಿಸಿದ್ದು ವೀರಶಿರೋಮಂಟಪ, ಭಕ್ತಿಯ ಆವೇಶದಲ್ಲಿ ವೀರರು ತಲೆ, ನಾಲಗೆ ಕೊಯ್ದು ಒಪ್ಪಿಸುತ್ತಿದ್ದ ಜಾಗ. ಯುಗಾದಿಯ ಹಿಂದಿನ ರಾತ್ರಿ ನಮ್ಮ ಕಡೆಯ ಭಕ್ತರು ಕೆನ್ನೆಗೆ, ನಾಲಗೆಗೆ ಶಸ್ತ್ರ ಹಾಯಿಸಿಕೊಂಡು, ಅಗ್ನಿಗುಂಡ ಹಾಯುವುದನ್ನು ನೋಡಿದವರಿಗೆ ಆ ಮಂಟಪ ನೆನಪಾಗದೇ ಇರದು.

1794ರಲ್ಲಿ ಕಾಲಿನ್ ಮೆಕೆಂಜಿ ಈ ಬೆಟ್ಟಕ್ಕೆ ಬಂದ. ಗರ್ಭಗುಡಿಯೊಳಗೆ ಬಿಡದೆ, ಕನ್ನಡಿಯಿಂದ ಬಿಸಿಲು ಹಾಯಿಸಿ ದೂರದಿಂದಲೇ ಅವನಿಗೆ ಲಿಂಗ ತೋರಿಸಿದರು. ಪ್ರಾಕಾರದ ಗೋಡೆಯ ಕೆತ್ತನೆಗಳನ್ನು ಅವನು ಬೆರಗಿನಿಂದ ಬರೆದಿಟ್ಟ. ಕಂಪನಿಯ ಅಳತೆಗಾರನಿಗೂ ಇಲ್ಲಿಗೆ ಬರಲು ಕಾಡಿನ ದಾರಿಯೇ ಗತಿಯಾಗಿತ್ತು.

ವೆಂಕಟಾಪುರದಿಂದ ಆ ಕಾಡು ಹೊಕ್ಕವರಿಗೆ ನಾಗಲೂಟಿಯ ವೀರಭದ್ರ ಮೊದಲ ತಂಗುದಾಣ. ಹಳೆಯ ಗುಡಿ, ಮೆಟ್ಟಿಲು ಕಟ್ಟಿದ ಹೊಂಡ. ಅಲ್ಲಿಂದ ಪೆದ್ದಚೆರುವು, ಕಾಡಿನ ನಡುವೆ ಒಂದು ದೊಡ್ಡ ಕೆರೆ, ದಡದಲ್ಲಿ ಚೆಂಚುಗಳ ಗುಡಿಸಲು. ಇವೆರಡರ ನಡುವೆ ಹೇಳುವಂಥದ್ದೇನಿಲ್ಲ: ಬಿದಿರು, ಒಣಗಿದ ಎಲೆ, ಕಲ್ಲು, ಮತ್ತೆ ಕಲ್ಲು.

ಆಮೇಲೆ ಭೀಮನ ಕೊಳ್ಳ. ಗುಡ್ಡ ಒಮ್ಮೆಗೇ ಸೀಳಿ ಕೆಳಗೆ ಜಾರುತ್ತದೆ. ಎದುರಿಗೆ ಅಷ್ಟೇ ಎತ್ತರದ ಇನ್ನೊಂದು ಗೋಡೆ. ಮೆಟ್ಟಿಲುಗಳು ಒಂದು ಗೇಣಿನವು, ಒಂದು ಮೊಳದವು, ಕೆಲವು ಬರೀ ಬಂಡೆ. ಇಳಿಯುವಾಗ ಮೊಣಕಾಲು ನಡುಗುತ್ತದೆ, ತಳದಲ್ಲಿ ನೀರು ಮುಟ್ಟಿ ತಲೆಯೆತ್ತಿದರೆ ಏರು. ಇಲ್ಲಿ ಮರಗಾಲು ಕಟ್ಟಿಕೊಂಡು ಬಂದವರೂ ಇರುತ್ತಾರೆ, ಎರಡು ಕಟ್ಟಿಗೆಯ ಮೇಲೆ ನಾಡು ದಾಟಿ ಬಂದವರು. ಹೆಗಲ ಮೇಲೆ ಊರಿಂದ ತಂದ, ಸಿಂಗರಿಸಿದ ಮಲ್ಲಯ್ಯನ ಕಂಬಿ ಹೊತ್ತವರೂ ಇರುತ್ತಾರೆ. ಕಂಬಿ ನೆಲಕ್ಕೆ ತಾಗಬಾರದು. ದಣಿದರೆ ಹೆಗಲು ಬದಲಾಗಬೇಕು, ಅಷ್ಟೇ. ಏರಿನಲ್ಲಿ ಗುರುತಿಲ್ಲದವರೇ ಕೈ ಕೊಡುತ್ತಾರೆ.

“ಇನ್ನ ಎಷ್ಟ ಐತ್ರೀ ಅಣ್ಣಾ?”

“ಇಲ್ಲೇ ಬಂತ ನೋಡ್ರಿ ಯಕ್ಕಾ.”

ಈ ಉತ್ತರ ಸುಳ್ಳೆಂದು ಇಬ್ಬರಿಗೂ ಗೊತ್ತು. ಕೊಳ್ಳ ಹತ್ತಿ ಮುಗಿಸಿದರೆ ಕೈಲಾಸ ದ್ವಾರ, ಒಂದು ಕಲ್ಲಿನ ಬಾಗಿಲು. ಅಲ್ಲಿಂದಾಚೆ ಹಾಟಕೇಶ್ವರ, ಡಾಂಬರು ರಸ್ತೆ, ಬಸ್ಸಿನ ಹಾರ್ನು, ಜನವೋ ಜನ.

ಈ ಡಾಂಬರು ರಸ್ತೆಯೇ ಯಾತ್ರೆಯ ಲೆಕ್ಕ ಬದಲಿಸಿದ್ದು. ಕಳೆದ ಶತಮಾನದ ನಡುವಿನಲ್ಲಿ ಘಾಟಿ ರಸ್ತೆ ಬಂತು. 1963ರಲ್ಲಿ ನೆಹರು ಕೃಷ್ಣೆಯ ಅಣೆಕಟ್ಟೆಗೆ ಅಡಿಗಲ್ಲು ಇಟ್ಟ ಮೇಲೆ ಲಾರಿ, ಬಸ್ಸು ಹೆಚ್ಚಿದವು. ಅಷ್ಟಾದರೂ ನಡೆಯುವವರು ನಿಲ್ಲಲಿಲ್ಲ. 1983ರಲ್ಲಿ ಕಾಡು ಹುಲಿ ಯೋಜನೆಗೆ ಸೇರಿ ನಾಗಾರ್ಜುನಸಾಗರ-ಶ್ರೀಶೈಲ ಹುಲಿ ಮೀಸಲಾಯಿತು. ಈಗ ಶಿವರಾತ್ರಿ, ಯುಗಾದಿಯ ದಿನಗಳಿಗಷ್ಟೇ ಅರಣ್ಯ ಇಲಾಖೆ ಕಾಲುದಾರಿ ಬಿಡುತ್ತದೆ. ಪ್ಲಾಸ್ಟಿಕ್ ಬೇಡ, ಬೆಂಕಿ ಹಚ್ಚಬೇಡಿ ಎನ್ನುತ್ತದೆ. ನಿಯಮ ಸರಿಯೇ. ಜಾತ್ರೆ ಕಳೆದ ಮೇಲೆ ಕೊಳ್ಳದಲ್ಲಿ ಬಿದ್ದಿರುವ ಬಾಟಲಿಗಳನ್ನು ನೋಡಿದರೆ ಮಗಳ ಮನೆಯ ಅಂಗಳವನ್ನು ಹೀಗೆ ಬಿಟ್ಟು ಬರುವುದು ಯಾವ ಸೀಮೆಯ ರೀತಿ ಎಂದು ಕೇಳಬೇಕಾಗುತ್ತದೆ.

ರಸ್ತೆ ಬದಲಿಸಿದ್ದು ಬರುವ ದಾರಿಯನ್ನಲ್ಲ, ಮರಳುವ ದಾರಿಯನ್ನು. ಇಂದಿನ ಯಾತ್ರಿಕನಿಗೆ ಕೈಲಾಸ ದ್ವಾರ ಕಂಡರೆ ನಡಿಗೆ ಮುಗಿದಂತೆ. ದರ್ಶನವಾಗಿ, ಯುಗಾದಿಯ ತೇರು ನೋಡಿ, ನಮ್ಮ ಸಾರಿಗೆ ನಿಗಮಗಳು ಬಿಡುವ ವಿಶೇಷ ಬಸ್ಸು ಹತ್ತಿದರೆ ಮರುದಿನ ಮನೆ. ರಸ್ತೆ ಇಲ್ಲದ ಕಾಲದಲ್ಲಿ ಶ್ರೀಶೈಲ ಯಾತ್ರೆಯ ಕೊನೆಯಾಗಿರಲಿಲ್ಲ, ಅರ್ಧವಾಗಿತ್ತು. ಬಂದಷ್ಟೇ ದಾರಿ ತಿರುಗಿ ನಡೆಯಬೇಕು, ಅದೂ ಯುಗಾದಿಯ ನಂತರದ ಇನ್ನೂ ಬಿರುಸಾದ ಬಿಸಿಲಿನಲ್ಲಿ. ಭೀಮನ ಕೊಳ್ಳ ಅವರಿಗೆ ಎರಡು ಸಲ. ಮನೆಯವರು ಅವರನ್ನು ತಿರುಗಿ ಕಾಣುವವರೆಗೆ ಸುದ್ದಿಯಿಲ್ಲ, ಸದ್ದಿಲ್ಲ.

ಆ ಹಳೆಯ ಲೆಕ್ಕವನ್ನು ಆಚರಣೆ ಇನ್ನೂ ಬಿಟ್ಟಿಲ್ಲ. ಕಂಬಿ ಶ್ರೀಶೈಲ ಮುಟ್ಟಿದ್ದಕ್ಕೆ ಯಾತ್ರೆ ಪೂರೈಸಿತು ಎಂದು ಊರು ಒಪ್ಪುವುದಿಲ್ಲ. ಅದು ಮರಳಿ ಬರಬೇಕು, ಅಗಸಿಯಲ್ಲಿ ಆರತಿ ಹಿಡಿದು ಒಳಗೆ ಕರೆದುಕೊಳ್ಳಬೇಕು, ಐದೇಶಿ ಆಗಬೇಕು. ಪೂಜೆ ಮಾಡಿ ಓಣಿಗೆಲ್ಲ ಉಣ್ಣಲು ಹಾಕುವ ಆ ದಿನದಂದೇ ಹೋದವರ ಹರಕೆ ತೀರುವುದು. ಬಸ್ಸಿನಲ್ಲಿ ಮರಳಿದರೂ, ಕಾಲಿನ ಬೊಬ್ಬೆ ಮಾಯುವ ಮೊದಲೇ ಗಳೆ ಹೂಡಿದರೂ, ಐದೇಶಿ ಆಗುವತನಕ ಅವರು ಇನ್ನೂ ಯಾತ್ರೆಯಲ್ಲೇ ಇರುವವರು.