ಹ್ಯಾಂಡಲಿಗೂ ಸೀಟಿಗೂ ನಡುವೆ

"ಈ ರೋಡಲ್ಲಿ ಏನ್ ಆಕ್ಸಿಡೆಂಟ್ ಆಗತ್ತೆ ಸಾರ್, ಜಾಸ್ತಿ ಅಂದ್ರೆ ಮಡ್‌ಗಾರ್ಡ್ ಡೊಂಕಾಗತ್ತೆ." ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಆಟೋ ಬಾಡಿಗೆ ಹೊಡೆಯುವವರ ಈ ಮಾತು ಹಗಲಿನ ಮಟ್ಟಿಗೆ ನಿಜ. ಹಳೆಯ ದೊಡ್ಡಪೇಟೆ ಇದು. ಪುಸ್ತಕದ ಕಟ್ಟು, ಬಟ್ಟೆ ಮೂಟೆ, ತಳ್ಳುಗಾಡಿಗಳ ನಡುವೆ ಆಟೋ ತೆವಳುತ್ತದೆ. ಆದರೆ ಅಂಗಡಿ ಬಾಗಿಲು ಹಾಕಿದ ಮೇಲೆ ಅಥವಾ ಕೆ.ಆರ್. ಮಾರ್ಕೆಟ್ಟಿನ ಹೂವಿಗೆಂದು ಬೆಳಗಿನ ಜಾವ ಬರುವಾಗ ಯಾರೂ ತೆವಳುವುದಿಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಗುದ್ದಿ ನಿಂತರೆ ಮೈಗೆ ಆಗುವ ಪೆಟ್ಟು ಸುಮಾರು ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಮೊದಲ ಮಹಡಿಯಿಂದ ಬಿದ್ದಷ್ಟು.

ಸುತ್ತ ತಗಡಿದೆ, ಬೈಕಿಗಿಂತ ವಾಸಿ ಎನ್ನುವವರಿದ್ದಾರೆ. ಪ್ರಯಾಣಿಕನಿಗೆ ಒಂದಿಷ್ಟು ಆಸರೆ ಇರಬಹುದು. ಚಾಲಕನ ಮುಂದೆ ಏನಿದೆ? ಬಹುಪಾಲು ಆಟೋಗಳ ಎಂಜಿನ್ ಹಿಂದಿರುತ್ತದೆ. ಮುಂದಿರುವುದು ತೆಳು ತಗಡು, ಗಾಜು, ಹೊಟ್ಟೆಗೆ ನೇರವಾಗಿ ಹ್ಯಾಂಡಲ್. ಕಾರಿನವನಿಗೆ ಬೆಲ್ಟ್ ಇದೆ, ಬೈಕಿನವನಿಗೆ ಹೆಲ್ಮೆಟ್ ಇದೆ. ಇವನಿಗೆ ಎರಡೂ ಇಲ್ಲ. ಗುದ್ದಿದೊಡನೆ ಮೊಣಕಾಲು ಮುಂದಿನ ತಗಡಿಗೆ, ಹೊಟ್ಟೆ ಹ್ಯಾಂಡಲಿಗೆ, ತಲೆ ಗಾಜಿನ ಚೌಕಟ್ಟಿಗೆ. ಮುಂದೆ ಒಂದೇ ಚಕ್ರವಾದ್ದರಿಂದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ಮಗುಚುವುದೂ ಸುಲಭ. ಬಾಗಿಲಿಲ್ಲದ ಬದಿಯಿಂದ ಹೊರಬಿದ್ದವನ ಮೇಲೆಯೇ ಗಾಡಿ ಬೀಳುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅರ್ಧ ಸೀಟಿನಲ್ಲಿ ಓಡಿಸುವವನ ಕಥೆ ಹೇಳುವುದೇ ಬೇಡ. ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಸಂಗಡಿಗರು ಬಹಳ ಹಿಂದೆಯೇ ಕಂಪ್ಯೂಟರಿನಲ್ಲಿ ಆಟೋ ಗುದ್ದಿಸಿ, ಮೈ ಎಲ್ಲೆಲ್ಲಿ ತಾಗುತ್ತದೆಂದು ಗುರುತಿಸಿ, ಅಲ್ಲಿ ಮೆತ್ತೆ ಹಾಕುವ, ಬೆಲ್ಟ್ ಕೊಡುವ ಸಾಧ್ಯತೆಗಳನ್ನು ಪರಿಶೀಲಿಸಿದ್ದರು. ಸ್ಟ್ಯಾಂಡಿನಲ್ಲಿ ನಿಂತ ಗಾಡಿಗಳನ್ನು ನೋಡಿದರೆ ಅದು ಯಾರ ಕಿವಿಗೂ ಬಿದ್ದಂತಿಲ್ಲ.

ಇವೆಲ್ಲಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ರಕ್ತ ಬಂದಿಲ್ಲ, ಹಾಗಾದರೆ ಏನೂ ಆಗಿಲ್ಲ. ಹ್ಯಾಂಡಲ್ ಹೊಟ್ಟೆಗೆ ಒತ್ತಿದಾಗ ಚರ್ಮದ ಮೇಲೆ ಒಂದು ಕೆಂಪು ಗುರುತಷ್ಟೇ ಉಳಿಯಬಹುದು. ಒಳಗೆ ಗುಲ್ಮವೋ ಯಕೃತ್ತೋ ಸೀಳಿ ರಕ್ತ ಗಂಟೆಗಟ್ಟಲೆ ಜಿನುಗಬಹುದು, ಕೆಲವೊಮ್ಮೆ ದಿನಗಳ ಮೇಲೂ ಒಡೆಯಬಹುದು. ಎಡ ಭುಜದಲ್ಲಿ ಕಾರಣವಿಲ್ಲದ ನೋವು, ಗಟ್ಟಿಯಾಗುವ ಹೊಟ್ಟೆ, ತಣ್ಣನೆ ಬೆವರು, ಎದ್ದು ನಿಂತರೆ ಕಣ್ಣು ಕತ್ತಲು. ಇವು ಒಳಪೆಟ್ಟಿನ ಗುರುತು. ಸುಧಾರಿಸಿಕೊಳ್ಳಲಿ ಎಂದು ನೀರು, ಸೋಡಾ, ಕಾಫಿ ಕುಡಿಸುವ ಒಳ್ಳೆಯ ಮನಸ್ಸು ಇಲ್ಲಿ ಕೆಟ್ಟದ್ದನ್ನೇ ಮಾಡುತ್ತದೆ. ಆಪರೇಷನ್ ಬೇಕಾದರೆ ಅರಿವಳಿಕೆ ಕೊಡುವಾಗ ಹೊಟ್ಟೆಯಲ್ಲಿದ್ದುದು ಶ್ವಾಸಕೋಶಕ್ಕೆ ಇಳಿಯಬಹುದು. ಕಾಲು ಮುರಿದಿದ್ದರೆ ಎಕ್ಸ್‌ರೇಗೂ ಮೊದಲು ಬಿಗಿಯಾಗಿ ನಾಟಿ ಕಟ್ಟು ಹಾಕಿಸುವುದೂ ಹಾಗೆಯೇ. ರಕ್ತ ಓಡಾಟ ನಿಂತರೆ ಕಾಲನ್ನೇ ಕಳೆದುಕೊಳ್ಳಬೇಕಾದೀತು. ಮೊದಲು ಹೋಗಬೇಕಾದ್ದು ಆಸ್ಪತ್ರೆಗೆ; 1900ರಿಂದ ಇರುವ ವಿಕ್ಟೋರಿಯಾ ಆಸ್ಪತ್ರೆ ಮಾರ್ಕೆಟ್ಟಿನ ಮಗ್ಗುಲಲ್ಲೇ ಇದೆ.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನಿಗೇ ಪೊಲೀಸ್ ಕಾಟ ಎಂಬ ಭಯವೂ ಹಳೆಯದಾಯಿತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 134ಎ ಕಲಂ ನೆರವಾದವರಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿಂದ ಅಪಘಾತದ ಗಾಯಾಳುವಿಗೆ 7 ದಿನ, 1.5 ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ.

"ಇನ್ಶೂರೆನ್ಸ್ ಕಟ್ಟಿದ್ದೀನಲ್ಲ!" ಕಟ್ಟಿದ್ದು ಥರ್ಡ್ ಪಾರ್ಟಿ; ಅದು ಕಾಯುವುದು ಎದುರಿನವರನ್ನು, ಹಿಂದೆ ಕೂತವರನ್ನು. ತನ್ನದೇ ತಪ್ಪಿನಿಂದ ಬಿದ್ದ ಚಾಲಕನನ್ನಲ್ಲ. 2014ರಲ್ಲಿ ಅರಸೀಕೆರೆ ಕಡೆ ಹೊರಟ ಕಾರು ಚಾಲಕನ ಅಜಾಗರೂಕತೆಯಿಂದ ಮಗುಚಿ ಅವನೇ ಸತ್ತ ಪ್ರಕರಣದಲ್ಲಿ ಕುಟುಂಬ ಕೇಳಿದ ಪರಿಹಾರವನ್ನು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನಿರಾಕರಿಸಿತು. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುವುದು ಮಾಲೀಕ-ಚಾಲಕನಿಗೆ, ಅದೂ ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಮುರಿದ ಕಾಲಿನ ಆಸ್ಪತ್ರೆ ಬಿಲ್ಲಿಗಲ್ಲ. ದಿನಬಾಡಿಗೆಗೆ ಗಾಡಿ ಹಿಡಿದವನು ಮಾಲೀಕನೇ ಅಲ್ಲವಲ್ಲ. ಅವನು ಪಾಲಿಸಿ ಪತ್ರದಲ್ಲಿ ತನ್ನಂಥವನಿಗೆ ಏನು ಬರೆದಿದೆ ಎಂದು ಗಾಡಿ ಹಿಡಿಯುವ ಮೊದಲೇ ಕೇಳಬೇಕು.

ತಪ್ಪು ಬೇರೆ ಗಾಡಿಯದಾದರೆ ಲೆಕ್ಕವೇ ಬೇರೆ: ಚಿಕಿತ್ಸೆ, ಕಳೆದುಹೋದ ದುಡಿಮೆ ಎಲ್ಲವನ್ನೂ ಆ ಗಾಡಿಯ ವಿಮೆಯಿಂದ ಕೇಳಬಹುದು. ಗುದ್ದಿದವನು ಸಿಗದಿದ್ದರೂ ತೀವ್ರ ಗಾಯಕ್ಕೆ 50 ಸಾವಿರ, ಸಾವಿಗೆ 2 ಲಕ್ಷ ಇದೆ. ಎರಡಕ್ಕೂ ಪೊಲೀಸ್ ದಾಖಲೆ ಬೇಕು. ಸ್ಥಳದಲ್ಲೇ ಎರಡು ಸಾವಿರಕ್ಕೆ "ಸೆಟ್ಲ್" ಮಾಡಿಕೊಂಡು ಗಾಡಿ ನಂಬರೂ ಬರೆದುಕೊಳ್ಳದೆ ಹೋದವನಿಗೆ ರಾತ್ರಿ ಹೊಟ್ಟೆನೋವು ಶುರುವಾದರೆ, ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.